ಊಟದ ಕಾಯಿಲೆ: ಇಬ್ಬರು ಕೇಳಿದರೂ ಒಂದೇ ಉತ್ತರ ಬರಬೇಕಾದರೆ

ವಿಜಯಪುರದ ಕಡೆ ಈಟಿಂಗ್ ಡಿಸಾರ್ಡರ್ (ಊಟ, ತೂಕದ ಸುತ್ತ ಬೆಳೆಯುವ ಮಾನಸಿಕ ಕಾಯಿಲೆ) ಅಂತ ಹೇಳಿಕೊಂಡು ಯಾರೂ ಬರುವುದಿಲ್ಲ. "ಊಟ ಸೇರವಲ್ದು", "ಉಂಡಿದ್ದು ನಿಲ್ಲವಲ್ದು" ಅಂತಲೇ ಬರುತ್ತಾರೆ. ಟಿಬಿ, ಥೈರಾಯ್ಡ್, ಸಕ್ಕರೆ ಕಾಯಿಲೆ ಇಲ್ಲವೆಂದು ಖಾತ್ರಿಯಾದ ಮೇಲೆ ನಾನೂ ಸೈಕಾಲಜಿಸ್ಟರೂ ಬೇರೆ ಬೇರೆ ಕೂತು ವಿಚಾರಿಸುತ್ತೇವೆ. ಇಬ್ಬರ ಹಾಳೆ ತುಂಬುವ ತನಕ ಪರಸ್ಪರ ಮಾತಿಲ್ಲ.

ಶುರು ಸ್ಕಾಫ್ (SCOFF) ಎಂಬ ಪ್ರಶ್ನಾವಳಿಯ 5 ಪ್ರಶ್ನೆಗಳಿಂದ. ಎರಡಕ್ಕೆ ಹೌದು ಎಂದರೆ ಮುಂದೆ ವಿಚಾರಿಸಬೇಕು, ಅಷ್ಟೇ. ಅದು ಜರಡಿ, ನಿರ್ಣಯವಲ್ಲ. ಮೂರು ತಿಂಗಳಲ್ಲಿ ಸುಮಾರು 6 ಕೆಜಿ ಇಳಿದಿದೆಯೇ ಎಂಬ ಪ್ರಶ್ನೆ ತೂಕವನ್ನೇ ನೋಡದ ಮನೆಗಳಲ್ಲಿ ನಡೆಯುವುದಿಲ್ಲ. ಅಲ್ಲಿ "ಜಂಪರ್ ಎಷ್ಟು ಸಲ ಹಿಡಿಸೀರವಾ?" ಎಂದು, ಅಂದರೆ ರವಿಕೆ ಎಷ್ಟು ಸಲ ಬಿಗಿ ಮಾಡಿಸಿದ್ದೀರಿ ಎಂದು ಕೇಳಬೇಕು.

ಹೆಚ್ಚು ಎಡವುವುದು "ಬಹಳ ಉಂಡೆ" ಎಂಬ ಮಾತಿನಲ್ಲಿ. ಎರಡು ರೊಟ್ಟಿ ತಿಂದು ಅಪರಾಧಿಯಂತೆ ಕೊರಗುವವಳೂ ಅದನ್ನೇ ಹೇಳುತ್ತಾಳೆ. ರೊಟ್ಟಿ ಎಷ್ಟು, ಎಷ್ಟು ಹೊತ್ತಿನಲ್ಲಿ, ನಡುವೆ ನಿಲ್ಲಿಸಲು ಆಗುತ್ತಿತ್ತೇ, ಮೂರನ್ನೂ ಬರೆದುಕೊಳ್ಳುತ್ತೇವೆ. ವಿಪರೀತ ಉಂಡು, ವಾಂತಿ, ಉಪವಾಸ ಮುಂತಾದವುಗಳಿಂದ ಅದನ್ನು ಕಳೆಯಲು ನೋಡುವ ಕಾಯಿಲೆ ಬುಲಿಮಿಯಾ. ಅದಕ್ಕೆ 2013ರ ಡಿಎಸ್‌ಎಂ-5 (ಮಾನಸಿಕ ಕಾಯಿಲೆಗಳನ್ನು ಗುರುತಿಸುವ ಅಮೆರಿಕದ ಕೈಪಿಡಿ) ವಾರಕ್ಕೆ ಕನಿಷ್ಠ ಎರಡು ಸಲ ಹೀಗಾಗಬೇಕು ಎಂಬುದನ್ನು ಒಂದಕ್ಕೆ ಇಳಿಸಿತು, ಮೂರು ತಿಂಗಳ ಅವಧಿ ಹಾಗೇ ಉಳಿಯಿತು. ಹೀಗಾಗಿ ಒಂದು ಸಲದ ಎಣಿಕೆ ತಪ್ಪಿದರೂ ರೋಗದ ಹೆಸರೇ ಬದಲಾಗುತ್ತದೆ.

ಉಪವಾಸ ಇನ್ನೊಂದು ಗೋಜಲು. ಗೋಡೆಯ ಕ್ಯಾಲೆಂಡರ್ ಎದುರಿಗಿಟ್ಟು ಹಿಂದಿನ 28 ದಿನ ಹಿಡಿಯುತ್ತೇವೆ: ಏಕಾದಶಿ, ಸೋಮವಾರದ ಒಪ್ಪತ್ತು, ರೋಜಾ ಎಲ್ಲಕ್ಕೂ ಗುರುತು. ವ್ರತವನ್ನು ಲಕ್ಷಣವೆಂದು ಎಣಿಸಬಾರದು, ವ್ರತವೆಂದು ಸುಮ್ಮನೆ ಬಿಡಲೂಬಾರದು. "ವಾರ ಬಿಟ್ಟ ಮ್ಯಾಗರ ಉಂಡಿ ಏನು?" (ಉಪವಾಸ ಮುಗಿದ ಮೇಲಾದರೂ ಉಂಡೆಯಾ) ಎಂಬುದಕ್ಕೆ ತಾಯಿಯ ಉತ್ತರ, ಮಗಳ ಉತ್ತರ ಪ್ರತ್ಯೇಕವಾಗಿ ಬೇಕು.

ದಪ್ಪಗಾಗುವ ಹೆದರಿಕೆಯೇ ಇಲ್ಲ, ಹೊಟ್ಟೆ ಉಬ್ಬರ ಅಷ್ಟೇ ಎನ್ನುವವರ ವಿಷಯದಲ್ಲಿ ನಮ್ಮಿಬ್ಬರ ಹಾಳೆ ಹೆಚ್ಚಾಗಿ ತಾಳೆಯಾಗುವುದಿಲ್ಲ. ಬಾಯಲ್ಲಿ ಹೆದರಿಕೆ ಹೇಳದಿದ್ದರೂ, ತೂಕ ಏರದಂತೆ ತಡೆಯುವ ನಡವಳಿಕೆ ಬಿಡದೆ ಕಂಡರೆ ಡಿಎಸ್‌ಎಂ-5 ಅದನ್ನು ಅನೊರೆಕ್ಸಿಯಾದ (ಊಟ ಬಿಟ್ಟು ತೂಕ ತೀರಾ ಇಳಿಸಿಕೊಳ್ಳುವ ಕಾಯಿಲೆ) ಲಕ್ಷಣವಾಗಿ ಪರಿಗಣಿಸುತ್ತದೆ. ರೊಟ್ಟಿಗೆ ಹಚ್ಚಿದ ಬೆಣ್ಣೆ ಒರೆಸುವುದು, ಉಂಡ ಕೂಡಲೇ ಮಾಳಿಗೆ ಹತ್ತಿ ಇಳಿಯುವುದು ಮನೆಯವರಿಂದಲೇ ತಿಳಿಯಬೇಕು.

ತೂಕಕ್ಕೂ ಶಿಸ್ತು ಬೇಕು: ಮೂತ್ರಕ್ಕೆ ಹೋಗಿಬಂದು, ತೆಳು ಬಟ್ಟೆಯಲ್ಲಿ, ಚಪ್ಪಲಿ ಬಿಟ್ಟು. 150 ಸೆಂ.ಮೀ. ಎತ್ತರದ ವಯಸ್ಕಳಿಗೆ 35.5 ಕೆಜಿ ಎಂದರೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 15.8, ಅನೊರೆಕ್ಸಿಯಾ ತೀವ್ರ. ಅರ್ಧ ಲೀಟರ್ ನೀರು ಕುಡಿದು ಬಂದರೆ 36 ಕೆಜಿ, ಬಿಎಂಐ 16, ಮಧ್ಯಮ!

ಒಮ್ಮತವನ್ನು ಶೇಕಡಾದಲ್ಲಿ ಅಳೆದು ಬೀಗಬಾರದು, ಕಪ್ಪಾ ತೆಗೆಯಬೇಕು, ಅಂದರೆ ಆಕಸ್ಮಿಕವಾಗಿ ಹೊಂದುವುದನ್ನು ಕಳೆದು ಒಮ್ಮತ ಅಳೆಯಬೇಕು. 20 ಜನರಲ್ಲಿ 16ಕ್ಕೆ ಇಬ್ಬರೂ ಒಪ್ಪಿದರೆ ಶೇ. 80. ಆದರೆ ತಲಾ ನಾಲ್ವರಿಗೆ ಮಾತ್ರ ಕಾಯಿಲೆ ಎಂದಿದ್ದರೆ ಆಕಸ್ಮಿಕವಾಗಿಯೇ ಶೇ. 68 ಹೊಂದುತ್ತದೆ, ಕಪ್ಪಾ 0.375. ತಲಾ ಹತ್ತು ಜನರಿಗೆ ಎಂದಿದ್ದರೆ ಅದೇ 16ಕ್ಕೆ 0.6.

ತಾಳೆಯಾಗದ ಕೇಸನ್ನು ಎರಡು ವಾರ ಬಿಟ್ಟು ಮತ್ತೆ ವಿಚಾರಿಸುತ್ತೇವೆ. ರಕ್ತದ ಪೊಟ್ಯಾಸಿಯಂ, ಹೃದಯದ ಇಸಿಜಿ ಪರೀಕ್ಷೆ ಮಾತ್ರ ಕಾಯದೆ ಅವತ್ತೇ.