ಅಂಚೆಪೆಟ್ಟಿಗೆಯ ಮೇಲಿನ ಹೆಸರು

2025ರ ಚಳಿಗಾಲದ ಸೆಮಿಸ್ಟರಿಗೆ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಪ್ರವೇಶ ದೊರೆತ ದಿನವೇ ನಾನು ದಾವಣಗೆರೆಯಲ್ಲಿ ಕುಳಿತು ಸ್ಟುಡೀರೆಂಡೆನ್‌ವೆರ್ಕ್ ಸಂಸ್ಥೆಯ ವಿದ್ಯಾರ್ಥಿನಿಲಯಗಳಿಗೆ ಅರ್ಜಿ ಹಾಕಿದೆ. 1972ರ ಒಲಿಂಪಿಕ್ ಗ್ರಾಮದಲ್ಲಿ, ವಿದ್ಯಾರ್ಥಿಗಳೇ ಗೋಡೆಗಳ ಮೇಲೆ ಚಿತ್ರ ಬಿಡಿಸಿಕೊಂಡಿರುವ ಪುಟ್ಟ ಮನೆಗಳ ಮೇಲೆ ನನಗೆ ಆಸೆಯಿತ್ತು. ಆದರೆ ಮ್ಯೂನಿಕ್ಕಿನ ವಿದ್ಯಾರ್ಥಿನಿಲಯಗಳಲ್ಲಿ ಸರದಿ ಬರಲು ಕೆಲವೊಮ್ಮೆ ಹಲವು ಸೆಮಿಸ್ಟರುಗಳೇ ಹಿಡಿಯುತ್ತವೆ. ಅರ್ಜಿ ಹಾಕಿ ಬೇರೆ ದಾರಿ ಹುಡುಕುವುದೇ ಸರಿ.

ಜಾಹೀರಾತೊಂದರ ಮನೆ ಮಾಲೀಕರು ತಾವು ಲಂಡನ್ನಿನಲ್ಲಿರುವುದಾಗಿಯೂ, ಮುಂಗಡ ಕಳುಹಿಸಿದರೆ ಬೀಗದ ಕೈಯನ್ನು ಕೊರಿಯರ್ ಮೂಲಕ ಕಳುಹಿಸುವುದಾಗಿಯೂ ಬರೆದರು. ಅಪ್ಪ ಹಣ ಹೊಂದಿಸಿಯೂ ಆಗಿತ್ತು. ಮ್ಯೂನಿಕ್ಕಿನಲ್ಲಿದ್ದ ನನ್ನ ಕಾಲೇಜಿನ ಸೀನಿಯರ್ ಒಬ್ಬರನ್ನು ಆ ವಿಳಾಸಕ್ಕೆ ಹೋಗಿ ನೋಡಿಬನ್ನಿ ಎಂದು ಬೇಡಿಕೊಂಡೆ. ಅಲ್ಲಿ ಒಂದು ಕುಟುಂಬ ವರ್ಷಗಳಿಂದ ವಾಸವಾಗಿದ್ದು, ಮನೆ ಬಾಡಿಗೆಗೆ ಇರಲೇ ಇಲ್ಲ. ಕಣ್ಣಾರೆ ಯಾರೂ ನೋಡದ ಕೋಣೆಗೆ ಒಂದು ಯೂರೋವನ್ನೂ ಕಳುಹಿಸಬೇಡಿರೆಂದು ಹೊರಟುನಿಂತವರಿಗೆಲ್ಲ ನಾನು ಅಂದಿನಿಂದ ಹೇಳುತ್ತಿದ್ದೇನೆ.

ಸೆಪ್ಟೆಂಬರಿನಲ್ಲಿ ಬಂದಿಳಿದಾಗ ಒಂದು ತಿಂಗಳ ಮಟ್ಟಿಗೆ ಸಿಕ್ಕ ಕೋಣೆಯನ್ನು ಹಿಡಿದೆ. ನನ್ನ ದೊಡ್ಡ ತಪ್ಪು ಅದೇ. ಜರ್ಮನಿಯಲ್ಲಿ ಮನೆ ಸೇರಿದ ಎರಡು ವಾರದೊಳಗೆ ವಿಳಾಸವನ್ನು ನೋಂದಾಯಿಸಬೇಕು. ಅದಕ್ಕೆ ಆನ್ಮೆಲ್ಡುಂಗ್ ಎನ್ನುತ್ತಾರೆ. ನೋಂದಣಿಗೆ ಮನೆ ಕೊಟ್ಟವರು ಸಹಿ ಮಾಡಿದ ದೃಢೀಕರಣ ಪತ್ರ ಬೇಕು. ಆ ಪತ್ರ ಕೊಡುವುದಿಲ್ಲವೆಂದು ಅವರು ಕೈಚೆಲ್ಲಿದಾಗ, ಬ್ಯಾಂಕ್ ಖಾತೆ, ತೆರಿಗೆ ಸಂಖ್ಯೆ, ನಿವಾಸ ಪರವಾನಗಿ ಎಲ್ಲವೂ ನಿಂತುಹೋದವು. ನಾನು ಹುಡುಕಬೇಕಾದದ್ದು ಬರಿಯ ಸೂರನ್ನಲ್ಲ, ನೋಂದಣಿಗೆ ಒಪ್ಪುವ ಸೂರನ್ನು ಎಂಬುದು ಆಗ ಅರ್ಥವಾಯಿತು. ಮುಂದೆ ಯಾರಿಗೆ ಬರೆದರೂ ಮೊದಲು ಕೇಳಿದ ಪ್ರಶ್ನೆ ಅದೇ.

ಹಲವರು ಸೇರಿ ಬಾಳುವ ಮನೆಗೆ ಇಲ್ಲಿ ವೇಗೇ (ಡಬ್ಲ್ಯುಜಿ) ಎನ್ನುತ್ತಾರೆ. ಇಂತಹ ಮನೆಗಳ ಜಾಹೀರಾತು ಬರುವ ಡಬ್ಲ್ಯುಜಿ-ಗೆಜುಖ್ಟ್ ಜಾಲತಾಣದಲ್ಲಿ ಒಂದೇ ಒಕ್ಕಣೆಯನ್ನು ನಲವತ್ತು ಮನೆಗಳಿಗೆ ಕಳುಹಿಸಿದಾಗ ಎರಡು ಉತ್ತರಗಳಷ್ಟೇ ಬಂದವು. ಆಮೇಲೆ ಪ್ರತಿ ಜಾಹೀರಾತನ್ನೂ ಪೂರ್ತಿ ಓದಿ, ನನಗೆ ಬರುವ ಅಷ್ಟಿಷ್ಟು ಜರ್ಮನ್ ಭಾಷೆಯಲ್ಲೇ ಬೇರೆಬೇರೆಯಾಗಿ ಬರೆಯತೊಡಗಿದೆ, ಕರೆಗಳು ಬಂದವು. ಮ್ಯೂನಿಕ್ಕಿನ ಫ್ರೈಮಾನ್ ಬಡಾವಣೆಯ ಒಂದು ಮನೆಯಲ್ಲಿ ಮೂವರು ನನ್ನನ್ನು ಅಡುಗೆಮನೆಯ ಮೇಜಿನ ಮುಂದೆ ಕೂರಿಸಿಕೊಂಡು ಗಂಟೆಗಟ್ಟಲೆ ಮಾತನಾಡಿದರು. ಗೋಡೆಯ ಮೇಲೆ ವಾರದ ಸ್ವಚ್ಛತೆಯ ಪಟ್ಟಿಯಿತ್ತು. ನಾನು ದಿನವೂ ಒಗ್ಗರಣೆ ಹಾಕುವವಳು, ಸಾಸಿವೆ ಸಿಡಿಯುತ್ತದೆ, ಒಲೆಯನ್ನು ಆಗಲೇ ಒರೆಸುತ್ತೇನೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದೆ. ಮರುದಿನ ಒಪ್ಪಿಗೆಯ ಸಂದೇಶ ಬಂದಿತು. ಅಲ್ಲಿಂದ ನಮ್ಮ ವಿಶ್ವವಿದ್ಯಾಲಯದ ಗಾರ್ಖಿಂಗ್ ಕ್ಯಾಂಪಸ್ಸಿಗೆ ಯು6 ಮೆಟ್ರೊ ರೈಲು ನೇರವಾಗಿ ಹೋಗುತ್ತದೆ ಎಂಬುದು ಹೆಚ್ಚಿನ ಅನುಕೂಲ.

ಜಾಹೀರಾತುಗಳಲ್ಲಿ ಕಾಣುವ ಬಾಡಿಗೆ ಎರಡು ಬಗೆಯದು. ಕಾಲ್ಟ್‌ಮೀಟ ಎಂದರೆ ಬರಿಯ ಕೋಣೆಯ ಬಾಡಿಗೆ. ವಾರ್ಮ್‌ಮೀಟ ಎಂದರೆ ಚಳಿಗಾಲದ ಬಿಸಿಯ ವ್ಯವಸ್ಥೆ, ನೀರು ಮುಂತಾದ ಖರ್ಚು ಸೇರಿದ್ದು. ನನ್ನದು ಕ್ರಮವಾಗಿ 480 ಮತ್ತು 620 ಯೂರೋ. ವೀಸಾಕ್ಕಾಗಿ ಮೊದಲೇ ಹಣ ಇಟ್ಟು, ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಬ್ಲಾಕ್ಡ್ ಅಕೌಂಟಿನಿಂದ ನನಗೆ ಆಗ ತಿಂಗಳಿಗೆ 992 ಯೂರೋ ಮಾತ್ರ ಕೈಗೆ ಬರುತ್ತಿತ್ತು, ಹಾಗಾಗಿ ಈ ವ್ಯತ್ಯಾಸವನ್ನು ಮೊದಲೇ ತಿಳಿದಿರಬೇಕು. ಮುಂಗಡ ಹಣ ಮೂರು ತಿಂಗಳ ಕಾಲ್ಟ್‌ಮೀಟವನ್ನು ಮೀರುವಂತಿಲ್ಲ, ಅದನ್ನೂ ಮೂರು ಕಂತುಗಳಲ್ಲಿ ಕೊಡುವ ಹಕ್ಕು ಬಾಡಿಗೆದಾರರಿಗಿದೆ. ನಾನು ಅದನ್ನು ಕೇಳಿ ಪಡೆದೆ. ಕೋಣೆ ಸೇರಿದ ದಿನ ಕಿಟಕಿಯ ಬಿರುಕು, ನೆಲದ ಕಲೆ ಎಲ್ಲದರ ಫೋಟೊ ತೆಗೆದು, ಬರೆದು, ಮನೆ ಕೊಟ್ಟವರೂ ನಾನೂ ಸಹಿ ಹಾಕಿದೆವು.

ನೋಂದಣಿಯಾಗಿಯೂ ನನ್ನ ಬ್ಯಾಂಕ್ ಕಾರ್ಡು ಹಿಂದಿರುಗಿ ಹೋಗಿತ್ತು. ಇಲ್ಲಿನ ವಿಳಾಸಗಳಲ್ಲಿ ಸಾಮಾನ್ಯವಾಗಿ ಫ್ಲ್ಯಾಟಿನ ಸಂಖ್ಯೆ ಇರುವುದಿಲ್ಲ. ಅಂಚೆಯವರು ಪೆಟ್ಟಿಗೆಯ ಮೇಲಿನ ಹೆಸರನ್ನು ನೋಡಿಯೇ ಪತ್ರ ಹಾಕುತ್ತಾರೆ. ಅಂದು ಸಂಜೆ ಒಂದು ಚೀಟಿಯಲ್ಲಿ ನನ್ನ ಹೆಸರನ್ನು ಬರೆದು ಮೂವರ ಹೆಸರಿನ ಕೆಳಗೆ ಟೇಪಿನಿಂದ ಅಂಟಿಸಿದೆ. ಮೂರನೆಯ ವಾರ ತೆರಿಗೆ ಸಂಖ್ಯೆಯ ಪತ್ರ ಅದೇ ಪೆಟ್ಟಿಗೆಗೆ ಬಂದು ಬಿದ್ದಿತ್ತು.