ಚರ್ಮದ ತುಂಡನ್ನು ಅಡ್ಡ ಮಲಗಿಸಿದಾಗ

ಬಸವನಗುಡಿಯ ಒಂದು ಲ್ಯಾಬಿನಲ್ಲಿ ಬಯಾಪ್ಸಿ ಸ್ಲೈಡ್ ಮಾಡುವುದು ನನ್ನ ಕೆಲಸ. ಬೇರೆ ಅಂಗದ ತುಂಡಾದರೆ ಕೈ ತಾನಾಗಿ ಓಡುತ್ತದೆ. ಚರ್ಮ ಬಂದರೆ ನಿಂತು ನೋಡುತ್ತೇನೆ. ಅದನ್ನು ಮೇಣದಲ್ಲಿ ಕೂರಿಸುವುದರಲ್ಲೇ ಅರ್ಧ ರಿಪೋರ್ಟು ಇದೆ.

ಪಂಚ್ ಎಂಬ ದುಂಡು ಬಾಯಿಯ ಬ್ಲೇಡಿನಲ್ಲಿ ತೆಗೆದ ತುಂಡು ಸಾಮಾನ್ಯವಾಗಿ 3–4 ಮಿಲಿಮೀಟರ್ ಅಗಲ. ಫಾರ್ಮಲಿನ್, ಆಲ್ಕೋಹಾಲ್, ಕ್ಸೈಲೀನ್ ದಾಟಿ ಬರುವಷ್ಟರಲ್ಲಿ ಇನ್ನೂ ಮುದುಡಿರುತ್ತದೆ. ಒಂದು ತುದಿಯಲ್ಲಿ ಸಣ್ಣ ಕಂದು ಗೆರೆ, ಅದೇ ಹೊರಚರ್ಮ. ಆ ಗೆರೆ ನೋಡಿಕೊಂಡು ತುಂಡನ್ನು ಅಡ್ಡ ಮಲಗಿಸಬೇಕು. ಆಗಲೇ ಒಂದೇ ಸೀಳಿನಲ್ಲಿ ಹೊರಚರ್ಮ, ಒಳಚರ್ಮ, ಕೊಬ್ಬು ಮೂರೂ ಸಾಲಾಗಿ ಸಿಗುವುದು. ಕೂದಲು ಉದುರುವ ಕೇಸುಗಳಲ್ಲಿ ಬುಡಗಳನ್ನು ಎಣಿಸಲೆಂದು ಡಾಕ್ಟರೇ ಬೇರೆ ಥರ ಕೇಳುವುದುಂಟು, ಅದು ಬಿಡಿ.

ಏಪ್ರಿಲ್ ಸೆಕೆಗೆ ಮೇಣ ಮೆತ್ತಗಾಗುತ್ತದೆ. ಬ್ಲಾಕನ್ನು ಐಸ್ ಮೇಲಿಟ್ಟು 4 ಮೈಕ್ರಾನ್‌ಗೆ, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ನಾಲ್ಕು ಪಾಲಿನಷ್ಟು ತೆಳ್ಳಗೆ ಕತ್ತರಿಸಿ ಬಿಸಿನೀರಿನ ಮೇಲೆ ತೇಲಿಬಿಟ್ಟರೆ ರಿಬ್ಬನ್ನಿನಂತೆ ಬರುವ ಸೀಳುಗಳ ಸುಕ್ಕು ಬಿಡುತ್ತದೆ.

ಬಣ್ಣ ಹಾಕಿದ ಮೇಲೆ ನೋಡಬೇಕು. ಹೊರಚರ್ಮದ ತಳದಲ್ಲಿ ನೇರಳೆ ಜೀವಕೋಶಗಳ ಒಂದು ಸಾಲು. ಹೊಸ ಕೋಶ ಹುಟ್ಟುವುದು ಅಲ್ಲೇ. ಅವು ಮೇಲೇರುತ್ತಾ ಚಪ್ಪಟೆಯಾಗಿ, ನ್ಯೂಕ್ಲಿಯಸ್ ಕಳೆದುಕೊಂಡು, ಕೆರಾಟಿನ್ ಎಂಬ ಗಟ್ಟಿ ಪ್ರೋಟೀನ್ ತುಂಬಿದ ಸತ್ತ ಹಾಳೆಗಳಾಗುತ್ತವೆ. ನೀರು ಒಳಗುಳಿಯುವುದೂ ರೋಗಾಣು ಹೊರಗುಳಿಯುವುದೂ ಈ ಸತ್ತ ಹಾಳೆಗಳ ದಯೆ. ಸುಮಾರು 4 ವಾರದ ಈ ಪಯಣ ಸೋರಿಯಾಸಿಸ್‌ನಲ್ಲಿ ಒಂದು ವಾರದೊಳಗೆ ಮುಗಿಯುತ್ತದೆ. ಅವಸರದಲ್ಲಿ ನ್ಯೂಕ್ಲಿಯಸ್ ಕಳಚಿಕೊಳ್ಳಲೂ ಪುರುಸೊತ್ತಿಲ್ಲ, ಮೇಲಿನ ಹಾಳೆಯಲ್ಲೂ ನೇರಳೆ ಚುಕ್ಕೆಗಳು ಉಳಿದಿರುತ್ತವೆ. ತೊನ್ನಿನ ತುಂಡಿನಲ್ಲಾದರೆ ತಳದ ಸಾಲಿನ ನಡುವೆ ಇರಬೇಕಾದ, ಬಣ್ಣ ಮಾಡುವ ಮೆಲನೋಸೈಟ್ ಕೋಶಗಳೇ ಕಾಣೆ. ಅಂದಹಾಗೆ, ಕಪ್ಪಗಿದ್ದವರಿಗೂ ಬೆಳ್ಳಗಿದ್ದವರಿಗೂ ಈ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಅವು ಮಾಡಿ ಹಂಚುವ ಬಣ್ಣದಲ್ಲಷ್ಟೇ ವ್ಯತ್ಯಾಸ. ಫೇರ್‌ನೆಸ್ ಕ್ರೀಮಿನ ಜಾಹೀರಾತು ಕಂಡಾಗಲೆಲ್ಲ ನನಗೆ ಇದೇ ನೆನಪು.

ಒಳಚರ್ಮ ಪೂರ್ತಿ ಗುಲಾಬಿ, ಕೊಲಾಜನ್ ಎಳೆಗಳು. ಬೆವರಿನ ಗ್ರಂಥಿ, ರಕ್ತನಾಳ, ನರ ಎಲ್ಲ ಅದರೊಳಗೆ. ಕುಷ್ಠದಲ್ಲಿ ಮಚ್ಚೆಗೆ ಸ್ಪರ್ಶ ಯಾಕೆ ತಿಳಿಯುವುದಿಲ್ಲ ಎನ್ನುವುದು ಆ ನರದ ಸುತ್ತ ಮುತ್ತಿಕೊಂಡ ಕೋಶಗಳನ್ನು ನೋಡಿದರೆ ಗೊತ್ತಾಗುತ್ತದೆ.

ಟ್ರೇನಿಂಗಿಗೆ ಬಂದ ಹುಡುಗ ಸ್ಲೈಡಿನ ತಳ ತೋರಿಸಿ, “ಅಕ್ಕಾ, ಇಲ್ಲೇನೂ ಇಲ್ವಲ್ಲ, ಬರೀ ತೂತು,” ಅಂದ.

“ಅದೇ ಕೊಬ್ಬು ಕಣೋ. ಕ್ಸೈಲೀನು ತೊಳ್ಕೊಂಡು ಹೋಗಿದೆ.”

ಅವನಿಗೆ ಅಂಗೈ ಚರ್ಮದ ಹಳೇ ಸ್ಲೈಡನ್ನೂ ತೋರಿಸಿದೆ. ಕೂದಲಿಲ್ಲ, ಎಣ್ಣೆ ಗ್ರಂಥಿಯಿಲ್ಲ, ಮೇಲೆ ದಪ್ಪ ಕೆರಾಟಿನ್. ಆಳದಲ್ಲಿ ಅಡ್ಡ ಹೆಚ್ಚಿದ ಈರುಳ್ಳಿಯಂಥ ಪದರು ಪದರಿನ ಉಂಡೆ, ಒತ್ತಡ ಮತ್ತು ಕಂಪನ ತಿಳಿಸುವ ಪ್ಯಾಸಿನಿಯನ್ ಕಾರ್ಪಸಲ್. ಅಂಗಾಲಿನ ಹೊರಚರ್ಮ ಸುಮಾರು 1.5 ಮಿಲಿಮೀಟರ್, ಕಣ್ಣುರೆಪ್ಪೆಯದು ಬರೀ 0.05. ಅಂಗೈಗೆ ಸಹಜವಾದ ದಪ್ಪ ರೆಪ್ಪೆಯಲ್ಲಿ ಕಂಡರೆ ಅದು ಕಾಯಿಲೆ. ಆದರೂ ಎಷ್ಟೋ ಫಾರಂಗಳಲ್ಲಿ ‘ಸ್ಕಿನ್’ ಎಂದಷ್ಟೇ ಬರೆದು ಕಳಿಸುತ್ತಾರೆ. ಅಂಥವನ್ನು ಪಕ್ಕಕ್ಕಿಟ್ಟು, ಮೈಯ ಯಾವ ಭಾಗದ್ದೆಂದು ಫೋನ್ ಮಾಡಿ ಕೇಳಿದ ಮೇಲೆಯೇ ನಂಬರ್ ಹಾಕುವುದು.