ಒಂದು ಪಾಠದಿಂದ ಆರಂಭಿಸಿ: ಪದವಿ ತರಗತಿಯಲ್ಲಿ ಕಲಿಕೆಯ ಸಾರ್ವತ್ರಿಕ ವಿನ್ಯಾಸ

ಕಾರವಾರ, ಕುಮಟಾ, ಶಿರಸಿಯ ಯಾವ ಪದವಿ ಕಾಲೇಜಿನ ತರಗತಿಗೆ ಹೋದರೂ, ಮನೆಯಲ್ಲಿ ಕೊಂಕಣಿಯನ್ನೋ ಮರಾಠಿಯನ್ನೋ ಆಡುವವರು, ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಇಂಗ್ಲಿಷಿನಲ್ಲಿ ಪ್ರಾಣಿಶಾಸ್ತ್ರ ಕಲಿಯುತ್ತಿರುವವರು, ಘಟ್ಟದ ಒಳಹಳ್ಳಿಯಿಂದ ಬಸ್ಸು ಹಿಡಿದು ಬರುವವರು, ಕಿವಿ ಸ್ವಲ್ಪ ಮಂದವಾಗಿದ್ದರೂ ಅದನ್ನು ಯಾರಲ್ಲೂ ಹೇಳಿಕೊಳ್ಳದವರು ಒಟ್ಟಿಗೆ ಕುಳಿತಿರುತ್ತಾರೆ. ಇವರಲ್ಲಿ ಯಾರಿಗೆ ಯಾವ ತೊಡಕಿದೆ ಎಂಬುದನ್ನು ಒಬ್ಬೊಬ್ಬರಾಗಿ ಪತ್ತೆಹಚ್ಚಿ ಆಮೇಲೆ ಪರಿಹಾರ ಹುಡುಕುವುದಕ್ಕಿಂತ, ತೊಡಕು ಪಾಠದಲ್ಲಿಯೇ ಇದೆ ಎಂದು ತಿಳಿದು, ಪಾಠವನ್ನು ಸಿದ್ಧಪಡಿಸುವಾಗಲೇ ಅದನ್ನು ತೆಗೆದುಹಾಕುವುದು ಮೇಲು ಎಂಬುದೇ ಕಲಿಕೆಯ ಸಾರ್ವತ್ರಿಕ ವಿನ್ಯಾಸದ ತಿರುಳು.

ಇದರ ಬೇರು ಕಟ್ಟಡಶಾಸ್ತ್ರದಲ್ಲಿದೆ. ಸ್ವತಃ ಗಾಲಿಕುರ್ಚಿ ಬಳಸುತ್ತಿದ್ದ ಅಮೆರಿಕದ ವಾಸ್ತುಶಿಲ್ಪಿ ರೊನಾಲ್ಡ್ ಮೇಸ್ ಅವರು, ಕಟ್ಟಡವನ್ನು ಕಟ್ಟುವಾಗಲೇ ಎಲ್ಲರ ಬಳಕೆಗೆ ಒದಗುವಂತೆ ಕಟ್ಟಬೇಕೆಂಬ ವಿಚಾರಕ್ಕೆ ಸಾರ್ವತ್ರಿಕ ವಿನ್ಯಾಸವೆಂಬ ಹೆಸರು ಕೊಟ್ಟರು. 1984ರಲ್ಲಿ ಅಲ್ಲಿಯೇ ಸ್ಥಾಪನೆಯಾದ ಕಾಸ್ಟ್ ಸಂಸ್ಥೆ ಅದನ್ನು ಬೋಧನೆಗೆ ಅಳವಡಿಸಿ, ವಿದ್ಯಾರ್ಥಿ ಪಾಠದಲ್ಲಿ ತೊಡಗಿಕೊಳ್ಳುವ ಬಗೆ, ವಿಷಯವನ್ನು ನಿರೂಪಿಸುವ ಬಗೆ, ಕಲಿತದ್ದನ್ನು ತೋರಿಸುವ ಬಗೆ ಎಂಬ ಮೂರರಲ್ಲಿಯೂ ಒಂದಕ್ಕಿಂತ ಹೆಚ್ಚು ದಾರಿಗಳಿರಲಿ ಎಂದಿತು. ಅದರ ಮಾರ್ಗಸೂಚಿಯ ಮೂರನೆಯ ಆವೃತ್ತಿ 2024ರಲ್ಲಿ ಬಂದಿದೆ. ನಮ್ಮಲ್ಲಿ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5ರಷ್ಟು ಸ್ಥಾನಗಳನ್ನು ಮೀಸಲಿಟ್ಟಿದೆ. ಸ್ಥಾನ ಸಿಕ್ಕಿತೆಂದ ಮಾತ್ರಕ್ಕೆ ಪಾಠ ಸಿಕ್ಕಿತೆಂದಾಗುವುದಿಲ್ಲ.

ಇಡೀ ಸೆಮಿಸ್ಟರನ್ನು ಒಮ್ಮೆಗೇ ಬದಲಿಸಲು ಹೊರಟರೆ ಕೆಲಸ ನಡುವಿನಲ್ಲೇ ನಿಲ್ಲುತ್ತದೆ. ಆದ್ದರಿಂದ ಪ್ರತಿವರ್ಷ ಹೆಚ್ಚು ಮಂದಿ ತಡವರಿಸುವ ಒಂದೇ ಪಾಠವನ್ನು ಆರಿಸಿಕೊಳ್ಳಿ. ಉದಾಹರಣೆಗೆ ನದೀಮುಖದ ಪಾಠವನ್ನು ತೆಗೆದುಕೊಳ್ಳೋಣ. ಕಾರವಾರದಲ್ಲಿ ಕಾಳಿ ನದಿ ಸಮುದ್ರ ಸೇರುವ ಜಾಗ ನಮ್ಮ ಕಣ್ಣೆದುರಿಗೇ ಇದೆ. ಮೊದಲು ಪಾಠದ ಗುರಿಯನ್ನು ಒಂದು ವಾಕ್ಯದಲ್ಲಿ ಬರೆಯಿರಿ: ನದೀಮುಖದ ನೀರಿನ ಲವಣಾಂಶ ಮಳೆಗಾಲದಲ್ಲಿ ಇಳಿದು ಬೇಸಿಗೆಯಲ್ಲಿ ಏರುವುದೇಕೆ ಎಂಬುದನ್ನು ವಿದ್ಯಾರ್ಥಿ ವಿವರಿಸಬೇಕು. ಮುಂದಿನ ನಿರ್ಧಾರಗಳೆಲ್ಲ ಈ ವಾಕ್ಯವನ್ನೇ ಅವಲಂಬಿಸುತ್ತವೆ.

ಬೋಧಿಸುವಾಗ ಹಲಗೆಯ ಮೇಲೆ ಚಿತ್ರ ಬರೆದು ‘ಇಲ್ಲಿ ನೋಡಿ, ಇದು ಹೀಗೆ ಬಂದು ಹೀಗೆ ಹೋಗುತ್ತದೆ’ ಎನ್ನುವ ರೂಢಿಯನ್ನು ಬಿಡಬೇಕು. ‘ಎಡಬದಿಯಲ್ಲಿ ಅರಬ್ಬಿ ಸಮುದ್ರ, ಬಲಬದಿಯಲ್ಲಿ ನದಿ; ನದಿಯ ಸಿಹಿನೀರು ಹಗುರವಾದ್ದರಿಂದ ಮೇಲ್ಪದರದಲ್ಲಿ ಸಮುದ್ರದತ್ತ ಹರಿಯುತ್ತದೆ, ಭಾರವಾದ ಉಪ್ಪುನೀರು ತಳದಲ್ಲಿ ಒಳನುಗ್ಗುತ್ತದೆ’ ಎಂದು ಹೇಳಿದರೆ, ಹಲಗೆ ಕಾಣದವರಿಗೂ ಟಿಪ್ಪಣಿ ಬರೆಯುತ್ತ ತಲೆ ತಗ್ಗಿಸಿದವರಿಗೂ ಚಿತ್ರ ತಲುಪುತ್ತದೆ. ಬಣ್ಣ ಬೆರೆಸಿದ ಉಪ್ಪುನೀರನ್ನು ಗಾಜಿನ ಜಾಡಿಯಲ್ಲಿಟ್ಟು, ಅದರ ಮೇಲೆ ಸಿಹಿನೀರನ್ನು ಚಮಚೆಯ ಬೆನ್ನಿನ ಮೇಲಿಂದ ನಿಧಾನವಾಗಿ ಇಳಿಬಿಟ್ಟರೆ ಎರಡು ಪದರಗಳು ಬೇರೆಬೇರೆಯಾಗಿ ನಿಲ್ಲುತ್ತವೆ. ಮುಖ್ಯ ಪದಗಳನ್ನು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಬರೆದ ಒಂದು ಪುಟವನ್ನು ಹಿಂದಿನ ದಿನವೇ ಕೊಡಿ. ಜೂನಿನಿಂದ ಸೆಪ್ಟೆಂಬರಿನವರೆಗೆ ತಗಡಿನ ಮಾಡಿನ ಮೇಲೆ ಮಳೆ ಹೊಡೆಯತೊಡಗಿದರೆ ಹಿಂದಿನ ಬೆಂಚಿನವರೆಲ್ಲ ಕಿವುಡರೇ ಆಗಿಬಿಡುವುದರಿಂದ, ಮೈಕು ಮತ್ತು ಬರವಣಿಗೆಯ ಆಸರೆ ಕೇವಲ ಒಬ್ಬಿಬ್ಬರಿಗೆಂದು ಯಾರೂ ಭಾವಿಸಬೇಕಿಲ್ಲ.

ಇಲ್ಲೊಂದು ಎಚ್ಚರಿಕೆ ಅಗತ್ಯ. ವಿದ್ಯಾರ್ಥಿಗಳನ್ನು ‘ನೋಡಿ ಕಲಿಯುವವರು’, ‘ಕೇಳಿ ಕಲಿಯುವವರು’ ಎಂದು ವಿಂಗಡಿಸಿ ಅದಕ್ಕೆ ತಕ್ಕಂತೆ ಬೋಧಿಸುವುದು ಸಾರ್ವತ್ರಿಕ ವಿನ್ಯಾಸವಲ್ಲ, ಅಂತಹ ವಿಂಗಡಣೆಯಿಂದ ಕಲಿಕೆ ಸುಧಾರಿಸುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆಯೂ ಇಲ್ಲ. ಎಲ್ಲ ದಾರಿಗಳೂ ಎಲ್ಲರಿಗೂ ತೆರೆದಿರಬೇಕು.

ಕನ್ನಡದಲ್ಲಿ ಟಿಪ್ಪಣಿ ಕೊಡುವ ಅಧ್ಯಾಪಕರು ಎಲ್ಲಕ್ಕಿಂತ ಮೊದಲು ಸರಿಪಡಿಸಬೇಕಾದದ್ದು ಫಾಂಟನ್ನು. ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪು ಮಾಡಿದ ಕಡತ ಕಣ್ಣಿಗೆ ಕನ್ನಡವಾಗಿ ಕಂಡರೂ, ಅದರ ಒಳಗಿರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಗೋಜಲು. ಎನ್‌ವಿಡಿಎ ಎಂಬ, ಪರದೆಯ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಅಥವಾ ಮೊಬೈಲಿನ ಅಂಥದೇ ಟಾಕ್‌ಬ್ಯಾಕ್ ಅದನ್ನು ಓದಹೊರಟರೆ ದೃಷ್ಟಿಹೀನ ವಿದ್ಯಾರ್ಥಿಗೆ ಒಂದು ಪದವೂ ಅರ್ಥವಾಗದು. ಪರೀಕ್ಷೆ ಸುಲಭ: ಕಡತದ ಒಂದು ಸಾಲನ್ನು ನಕಲಿಸಿ ವಾಟ್ಸಾಪಿನಲ್ಲಿ ಅಂಟಿಸಿ. ಕನ್ನಡವಾಗಿಯೇ ಉಳಿದರೆ ಅದು ಯೂನಿಕೋಡ್, ಅಂದರೆ ಯಾವ ಸಾಧನದಲ್ಲಾದರೂ ಕನ್ನಡ ಅಕ್ಷರವಾಗಿಯೇ ಉಳಿಯುವ ಸಂಕೇತ ವ್ಯವಸ್ಥೆ; ಕಲಸುಮೇಲೋಗರವಾದರೆ ಹಳೆಯ ಫಾಂಟು. ಹಳೆಯ ಕಡತಗಳನ್ನು ಪರಿವರ್ತಕದ ಮೂಲಕ ಯೂನಿಕೋಡಿಗೆ ತಂದ ಮೇಲೆ ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಒಮ್ಮೆ ಓದಿ ತಿದ್ದಿಕೊಳ್ಳಬೇಕು, ಏಕೆಂದರೆ ತಪ್ಪುಗಳು ಅಲ್ಲಿಯೇ ಹೆಚ್ಚು. ಪುಸ್ತಕದ ಪುಟಗಳ ಫೋಟೋ ತೆಗೆದು ಮಾಡಿದ ಪಿಡಿಎಫ್‌ನದೂ ಇದೇ ಪಾಡು. ಜೊತೆಗೆ ಅದರ ಗಾತ್ರವೂ ದೊಡ್ಡದಾಗುವುದರಿಂದ, ಜೊಯಿಡಾ, ಸಿದ್ದಾಪುರ ಕಡೆಯ ಹಳ್ಳಿಗಳಲ್ಲಿ ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತುವವರಿಗೆ ಅದು ಇಳಿಯುವುದೇ ಇಲ್ಲ. ಸ್ಲೈಡುಗಳಲ್ಲಿ ಅಕ್ಷರಕ್ಕೂ ಹಿನ್ನೆಲೆಗೂ ಎದ್ದು ಕಾಣುವ ವ್ಯತ್ಯಾಸವಿರಲಿ; ನೀಲಿಯ ಮೇಲೆ ಕೆಂಪನ್ನು ಮೆಚ್ಚುವವರು ಅದನ್ನು ಕಾಲೇಜಿನ ವಾರ್ಷಿಕೋತ್ಸವದ ಬ್ಯಾನರಿಗೆ ಮೀಸಲಿಡಬಹುದು.

ಆಂತರಿಕ ಮೌಲ್ಯಮಾಪನದಲ್ಲಿ ಅಧ್ಯಾಪಕರಿಗೆ ಸ್ವಲ್ಪ ಸ್ವಾತಂತ್ರ್ಯವಿದೆ. ಲವಣಾಂಶದ ಏರಿಳಿತವನ್ನು ವಿವರಿಸುವುದೇ ಗುರಿಯಾಗಿದ್ದರೆ, ಅದನ್ನು ಪ್ರಬಂಧವಾಗಿ ಬರೆಯಬಹುದು, ಹೆಸರು ಗುರುತಿಸಿದ ಚಿತ್ರದೊಂದಿಗೆ ಮೌಖಿಕವಾಗಿ ಹೇಳಬಹುದು, ಮೊಬೈಲಿನಲ್ಲಿ ಧ್ವನಿಮುದ್ರಿಸಿಯೂ ಕೊಡಬಹುದು. ಅಂಕ ಕೊಡುವ ಮಾನದಂಡ ಮಾತ್ರ ಮೂರಕ್ಕೂ ಒಂದೇ ಆಗಿರಲಿ, ಅದನ್ನು ಮೊದಲೇ ತಿಳಿಸಿರಿ. ಇಲ್ಲದಿದ್ದರೆ ಮೌಖಿಕ ಆರಿಸಿಕೊಂಡವರು ಸುಲಭದ ದಾರಿ ಹಿಡಿದರೆಂಬ ಗೊಣಗಾಟ ಏಳುತ್ತದೆ. ಆಯ್ಕೆಗಳು ಮೂರನ್ನು ಮೀರಿದರೆ ಆರಿಸುವುದೇ ಒಂದು ಹೊರೆಯಾಗುತ್ತದೆ. ಕೌಶಲವೇ ಗುರಿಯಾದಲ್ಲಿ, ಅಂದರೆ ನೀರಿನ ಮಾದರಿಯ ಲವಣಾಂಶವನ್ನು ಪ್ರಯೋಗಾಲಯದಲ್ಲಿ ಅಳೆಯಬೇಕಾದಲ್ಲಿ, ಪ್ರಬಂಧ ಅದಕ್ಕೆ ಬದಲಿಯಾಗದು. ಅಲ್ಲಿ ಬದಲಿಸಬೇಕಾದದ್ದು ಮೇಜಿನ ಎತ್ತರ, ಉಪಕರಣ, ಕೊಡುವ ಸಮಯ.

ಸೆಮಿಸ್ಟರಿನ ಕೊನೆಯ ಪರೀಕ್ಷೆ ಧಾರವಾಡದ ವಿಶ್ವವಿದ್ಯಾಲಯದ ನಿಯಮಗಳಿಗೆ ಒಳಪಟ್ಟದ್ದಾದ್ದರಿಂದ ಅಲ್ಲಿ ಅಧ್ಯಾಪಕರ ಕೈ ಕಟ್ಟಿರುತ್ತದೆ. ಆದರೂ ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯು ನಿಗದಿತ ಪ್ರಮಾಣದ ಅಂಗವೈಕಲ್ಯವಿದ್ದು ಬರವಣಿಗೆಗೆ ತೊಡಕಿರುವವರಿಗೆ ಅವರು ಹೇಳಿದ್ದನ್ನು ಬರೆದುಕೊಡುವ ಲಿಪಿಕಾರರ ನೆರವನ್ನೂ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷಗಳ ಹೆಚ್ಚುವರಿ ಸಮಯವನ್ನೂ ಹೇಳಿತ್ತು. ಈಗ ಜಾರಿಯಲ್ಲಿರುವ ನಿಯಮವನ್ನು ನೋಡಿಕೊಂಡು, ಅದನ್ನು ಸೆಮಿಸ್ಟರಿನ ಮೊದಲ ವಾರದಲ್ಲೇ ಇಡೀ ತರಗತಿಗೆ ಹೇಳಿ, ಅಂಗವೈಕಲ್ಯದ ಪ್ರಮಾಣಪತ್ರ ಇಲ್ಲದವರು ಅದಕ್ಕಾಗಿ ಬೇಗನೆ ಅರ್ಜಿ ಹಾಕುವಂತೆ ನೋಡಿಕೊಳ್ಳಬೇಕು. ಹಾಲ್ ಟಿಕೆಟ್ ಕೈಗೆ ಬಂದ ಮೇಲೆ ಓಡಾಡಿದರೆ ಲಿಪಿಕಾರರನ್ನು ಹುಡುಕುವಷ್ಟೂ ಸಮಯ ಉಳಿದಿರುವುದಿಲ್ಲ.